ವೈಟ್ಸ್ ಮರಗಪ್ಪೆ: ಗಂಡು ದಿನಾ ಕೂಗುತ್ತೆ, ಮೊಟ್ಟೆ ಮಾತ್ರ ಇಲ್ಲ

ಗಾಜಿನತೊಟ್ಟಿ_ಜಯನಗರ

ಸೆಟಪ್ ಹೀಗಿದೆ. 45×45×60 ಸೆಂ.ಮೀ. ಗಾಜಿನ ತೊಟ್ಟಿ, ಒಳಗೆ ಮೂರು ವೈಟ್ಸ್ ಮರಗಪ್ಪೆ: ಎರಡು ಗಂಡು, ಒಂದು ಹೆಣ್ಣು. ಮೂರಕ್ಕೂ ಎರಡೂವರೆ ವರ್ಷ. ಹೀಟ್ ಮ್ಯಾಟ್, ಥರ್ಮೋಸ್ಟಾಟ್ ಇರುವುದರಿಂದ ವರ್ಷವಿಡೀ 26–27 ಡಿಗ್ರಿ. ತೇವಾಂಶ 70ರ ಆಸುಪಾಸು, ದಿನಕ್ಕೆರಡು ಸಲ ನೀರು ಸಿಂಪಡಣೆ. ದಿನ ಬಿಟ್ಟು ದಿನ ಡೂಬಿಯಾ ಜಿರಳೆ. ಕಾವೇರಿ ನೀರು. ಸಂಜೆ ಏಳಾದರೆ ಗಂಡುಗಳ ಕಚೇರಿ ಶುರು. ಮೊಟ್ಟೆಯ ಸುಳಿವೇ ಇಲ್ಲ. ಎಲ್ಲಿ ತಪ್ಪುತ್ತಿದೆ?

ಭರಣಿಮಳೆ

ತಪ್ಪು "ವರ್ಷವಿಡೀ" ಅನ್ನುವ ಪದದಲ್ಲೇ ಇದೆ.

ಈ ಕಪ್ಪೆಯ ತವರು ಆಸ್ಟ್ರೇಲಿಯಾದ ಉತ್ತರ ಮತ್ತು ಪೂರ್ವ ಭಾಗ, ಜೊತೆಗೆ ನ್ಯೂ ಗಿನಿಯ ದಕ್ಷಿಣ ಅಂಚು. ಅಲ್ಲಿ ತಿಂಗಳುಗಟ್ಟಲೆ ಒಣಹವೆ, ಆಮೇಲೆ ಒಮ್ಮೆಲೇ ಮಳೆ. ಗಂಡು ಕೂಗಲು ಅಷ್ಟೊಂದು ಕಾರಣ ಬೇಕಿಲ್ಲ. ನಲ್ಲಿ ಬಿಟ್ಟ ಸದ್ದಿಗೂ ಕೂಗುತ್ತೆ, ಮಿಕ್ಸಿ ಸದ್ದಿಗೂ ಕೂಗುತ್ತೆ. ಹೆಣ್ಣಿನ ಹೊಟ್ಟೆಯಲ್ಲಿ ಮೊಟ್ಟೆ ಬಲಿಯಬೇಕಾದರೆ ಬರಗಾಲ ಮುಗಿದು ಸುಗ್ಗಿ ಬಂತು ಅನ್ನುವುದು ಅದರ ಮೈಗೆ ಗೊತ್ತಾಗಬೇಕು. ನಿಮ್ಮ ತೊಟ್ಟಿಯಲ್ಲಿ ಬರವೂ ಇಲ್ಲ, ಸುಗ್ಗಿಯೂ ಇಲ್ಲ.

ಬೆಂಗಳೂರಿನವರಿಗೆ ಒಂದು ಅನುಕೂಲ ಇದೆ. ಆಸ್ಟ್ರೇಲಿಯಾದ ಋತು ನಮಗೆ ತಲೆಕೆಳಗು, ಆದರೆ ಕಪ್ಪೆ ಪಂಚಾಂಗ ನೋಡುವುದಿಲ್ಲ. ನಮ್ಮ ಡಿಸೆಂಬರ್–ಜನವರಿಯ ಚಳಿಯನ್ನೇ ಅದರ ಒಣಕಾಲ ಮಾಡಿ, ಏಪ್ರಿಲ್ ಕೊನೆಯ ಮಳೆಯನ್ನೇ ಅದರ ಮಳೆಗಾಲ ಮಾಡಿ. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಅನ್ನುವ ಗಾದೆ ಕಪ್ಪೆಗೂ ಸಲ್ಲುತ್ತದೆ. ಏಪ್ರಿಲ್ 27ರಿಂದ ಮೇ 10ರವರೆಗಿನ ಆ ಎರಡು ವಾರ ಹೊರಗೆ ಗುಡುಗು ಮಳೆ ಬರುವ ದಿನ ನೋಡಿಕೊಂಡು ಒಳಗೂ ಮಳೆ ಸುರಿಸಿದರೆ, ಗಾಳಿಯ ಒತ್ತಡ ಇಳಿಯುವುದೂ ಪುಕ್ಕಟೆಯಾಗಿ ಸಿಗುತ್ತದೆ. ಅದನ್ನು ಯಾವ ಯಂತ್ರದಿಂದಲೂ ತೊಟ್ಟಿಯೊಳಗೆ ತರಲಾಗದು.

ಡಿಸೆಂಬರ್ ಮೊದಲ ವಾರ ಊಟ ನಿಲ್ಲಿಸಿ, ಕರುಳು ಖಾಲಿಯಾಗಲು 7–8 ದಿನ ಕೊಡಿ. ಆಮೇಲೆ ಹೀಟ್ ಮ್ಯಾಟ್ ಬಂದ್. ರಾತ್ರಿ 18–19, ಹಗಲು 22–24 ಇದ್ದರೆ ಸಾಕು. ಕಿಟಕಿ ಪಕ್ಕದ ಕೋಣೆಯಲ್ಲಿ ಇದು ತಾನಾಗಿ ಆಗುತ್ತದೆ. ಸಿಂಪಡಣೆ ವಾರಕ್ಕೆರಡು ಸಲಕ್ಕೆ ಇಳಿಸಿ, ತೇವಾಂಶ 40–50ಕ್ಕೆ ಬರಲಿ. ನೀರಿನ ಬಟ್ಟಲು ಮಾತ್ರ ಒಂದು ದಿನವೂ ಖಾಲಿ ಇರಬಾರದು. ಕಪ್ಪೆ ಬಾಯಲ್ಲಿ ನೀರು ಕುಡಿಯುವುದಿಲ್ಲ, ಹೊಟ್ಟೆಯಡಿಯ ಚರ್ಮದಿಂದ ಹೀರುತ್ತದೆ. ಬಟ್ಟಲು ಒಣಗಿದರೆ ಅದು ಉಪವಾಸ ಅಲ್ಲ, ಕೊಲೆ. ಊಟ ಹತ್ತು ದಿನಕ್ಕೆ ಒಂದೆರಡು ಹುಳು. ಹೀಗೆ 6ರಿಂದ 8 ವಾರ. ಫೆಬ್ರವರಿಯಲ್ಲಿ ನಿಧಾನವಾಗಿ 27ಕ್ಕೆ ಏರಿಸಿ, ಮಾರ್ಚ್–ಏಪ್ರಿಲ್ ಹೊಟ್ಟೆ ತುಂಬ ತಿನ್ನಿಸಿ.

ಟಿಡಿಎಸ್_ಮೀಟರ್

ಚಳಿಗೆ ಇಡುವ ಮುಂಚೆ ತೂಕ ನೋಡಿ. ತೆಳ್ಳಗಿರುವ, ಮಲದಲ್ಲಿ ಹುಳು ಇರುವ, ಮೈಮೇಲೆ ಗಾಯ ಇರುವ ಕಪ್ಪೆಯನ್ನು ತಂಪಿಗೆ ಇಳಿಸಬಾರದು. ತಂಪಿನಲ್ಲಿ ಅದರ ರೋಗನಿರೋಧಕ ಶಕ್ತಿಯೂ ಮಲಗುತ್ತದೆ.

ಮತ್ತೆ, ದಿನ ಬಿಟ್ಟು ದಿನ ಡೂಬಿಯಾ? ಎರಡೂವರೆ ವರ್ಷದ ಕಪ್ಪೆಗೆ ಅದು ಮದುವೆ ಮನೆ ಊಟ. ವಾರಕ್ಕೆ ಎರಡು ಸಲ, ಸಲಕ್ಕೆ 4–5 ಹುಳು ಸಾಕು. ಹುಳುವಿನ ಅಗಲ ಕಪ್ಪೆಯ ಎರಡು ಕಣ್ಣಿನ ನಡುವಿನ ಅಂತರ ಮೀರಬಾರದು. ಕಿವಿತಮಟೆಯ ಮೇಲೆ ಕೊಬ್ಬಿನ ಮಡಿಕೆ ಇಳಿಬಿದ್ದು ಕಿವಿ ಮುಚ್ಚಿದ್ದರೆ ಬೊಜ್ಜು ಬಂದಿದೆ ಅಂತಲೇ ಅರ್ಥ. ಬೊಜ್ಜು ಹೆಣ್ಣು ಮೊಟ್ಟೆ ಇಡುವುದು ಕಷ್ಟ. ಈ ಜಾತಿಗೆ ಕೊಬ್ಬು ಹೆಚ್ಚಾದರೆ ಕಣ್ಣಿನ ಪಾರದರ್ಶಕ ಪೊರೆಯ ಮೇಲೆ ಬಿಳಿ ಪದರ ಕಟ್ಟುವುದೂ ಉಂಟು. ಇಲಿಮರಿ ತಿನ್ನಿಸುವ ಶೋಕಿ ಇರುವವರು ಇದನ್ನು ಎರಡು ಸಲ ಓದಿ.

ಗಾಜಿನತೊಟ್ಟಿ_ಜಯನಗರ

ಹೆಣ್ಣು ಅಂದುಕೊಂಡಿರುವುದು ಹೆಣ್ಣೇ ಅಂತ ಹೇಗೆ ಖಚಿತ ಮಾಡಿಕೊಳ್ಳುವುದು? ಅದು ಕೂಗುವುದಿಲ್ಲ, ಉಳಿದವಕ್ಕಿಂತ ದೊಡ್ಡದಿದೆ.

ಭರಣಿಮಳೆ

ದೊಡ್ಡದಿರುವುದು ಸುಳಿವಷ್ಟೇ, ಸಾಕ್ಷಿ ಅಲ್ಲ. ಗಂಟಲು ನೋಡಿ. ಗಂಡಿನದು ಬೂದು ಅಥವಾ ಕಂದು ಬಣ್ಣ, ಸಡಿಲ, ಸುಕ್ಕು ಸುಕ್ಕು. ಹೆಣ್ಣಿನದು ಬೆಳ್ಳಗೆ, ಬಿಗಿ. ಬೆದೆಯ ಕಾಲದಲ್ಲಿ ಗಂಡಿನ ಮುಂಗಾಲಿನ ಹೆಬ್ಬೆರಳ ಬುಡದಲ್ಲಿ ಕಂದು ಬಣ್ಣದ ಒರಟು ಗುರುತು ಮೂಡುತ್ತದೆ. ಹೆಣ್ಣನ್ನು ಬಿಗಿಯಾಗಿ ಹಿಡಿಯಲು ಅದು ಬೇಕು. ಅದು ಕಂಡರೆ ಅನುಮಾನವೇ ಬೇಡ.

ಮುಟ್ಟುವಾಗ ಪೌಡರ್ ಇಲ್ಲದ ಕೈಗವಸು ಹಾಕಿ, ಅದನ್ನೂ ಕ್ಲೋರಿನ್ ತೆಗೆದ ನೀರಿನಲ್ಲಿ ಒದ್ದೆ ಮಾಡಿ. ಸೋಪು, ಸ್ಯಾನಿಟೈಸರ್, ಹ್ಯಾಂಡ್ ಕ್ರೀಮ್ ಎಲ್ಲವೂ ಆ ಚರ್ಮದೊಳಗೆ ನೇರ ಇಳಿಯುತ್ತವೆ.

ಪಂಪು_ಪೈಪು

ಮಳೆಪೆಟ್ಟಿಗೆ, ಅಂದರೆ ಕಪ್ಪೆ ಮೊಟ್ಟೆ ಇಡಲೆಂದು ಪಂಪಿನಿಂದ ಮಳೆ ಸುರಿಸುವ ತೊಟ್ಟಿ, ಅದರ ಬಗ್ಗೆ ನಾನು ಬರೆಯುತ್ತೇನೆ, ಯಾಕೆಂದರೆ ಹೆಚ್ಚಿನವರು ಇಲ್ಲೇ ಎಡವುವುದು.

ಇರುವ ತೊಟ್ಟಿಯಲ್ಲೇ ಮಳೆ ಸುರಿಸಬೇಡಿ. ಮಣ್ಣು ಕೆಸರಾಗಿ, ಪಂಪು ಕಟ್ಟಿ, ನೀರು ಎರಡೇ ದಿನದಲ್ಲಿ ಕೊಳೆಯುತ್ತದೆ. ಬೇರೆ ತೊಟ್ಟಿ ಬೇಕು: 60×45×60 ಸೆಂ.ಮೀ., ತಳದಲ್ಲಿ ಮಣ್ಣಿಲ್ಲ, ಕಲ್ಲಿಲ್ಲ, ಬರೀ ಗಾಜು. ನೀರು 8 ಸೆಂ.ಮೀ. ಎತ್ತರಕ್ಕೆ. ಅಂದರೆ ಹೆಚ್ಚುಕಡಿಮೆ 21–22 ಲೀಟರ್. ಒಂದು ಮೂಲೆಯಲ್ಲಿ ನೀರಿನಿಂದ ಮೇಲೆ ಎದ್ದಿರುವ ಕಾರ್ಕ್ ತುಂಡು ಅಥವಾ ತಲೆಕೆಳಗಿಟ್ಟ ಮಡಕೆ. ಎರಡು ಮೂರು ಮನಿಪ್ಲಾಂಟ್ ಬಳ್ಳಿ ನೀರಿಗೆ ಇಳಿಬಿಟ್ಟಿರಬೇಕು.

ಮೇಲೆ ಅರ್ಧ ಇಂಚಿನ ಪಿವಿಸಿ ಪೈಪು, 50 ಸೆಂ.ಮೀ. ಉದ್ದದ ಮೂರು ಸಾಲು, ಟೀ ಮತ್ತು ಎಲ್ಬೋ ಹಾಕಿ ಜೋಡಿಸಿ. ಪೈಪಿನ ಅಡಿಯಲ್ಲಿ 3 ಸೆಂ.ಮೀ.ಗೆ ಒಂದರಂತೆ 2 ಮಿ.ಮೀ. ತೂತು. ಸಾಲಿಗೆ 16 ತೂತು ಬರುತ್ತದೆ. 1 ಮಿ.ಮೀ. ತೂತು ಕೊರೆದರೆ ಬೋರ್‌ವೆಲ್ ನೀರಿನ ಸುಣ್ಣಕ್ಕೆ ವಾರದಲ್ಲಿ ಕಟ್ಟಿಕೊಳ್ಳುತ್ತದೆ, 3 ಮಿ.ಮೀ. ಆದರೆ ಕೊನೆಯ ತೂತುಗಳಿಗೆ ಒತ್ತಡ ಸಾಲದು. ಅಕ್ವೇರಿಯಂ ಅಂಗಡಿಯ ಗಂಟೆಗೆ 1000 ಲೀಟರ್ ಅಂತ ಬರೆದಿರುವ ಮುಳುಗುವ ಪಂಪು ತನ್ನಿ. 60 ಸೆಂ.ಮೀ. ಮೇಲೆತ್ತುವಾಗ ಅದು ಬರೆದಷ್ಟು ಕೊಡುವುದಿಲ್ಲ, ಆದರೂ ಸಾಕು. ಪಂಪಿನ ಬಾಯಿಗೆ ಒರಟು ಸ್ಪಂಜು ಕಡ್ಡಾಯ. ಪೈಪಿನ ಅಂಟು ಹಾಕಬೇಡಿ, ಬಿಗಿಯಾಗಿ ಒತ್ತಿದರೆ ಸಾಕು. ಸೋರಿದರೂ ತೊಟ್ಟಿಯೊಳಗೇ ಸೋರುವುದು.

ನೀರು 26–28 ಡಿಗ್ರಿ. ಹೀಟರ್ ಹಾಕುವುದಾದರೆ ಪ್ಲಾಸ್ಟಿಕ್ ಜಾಲರಿಯ ಕವಚ ಇರಲೇಬೇಕು. ಕಪ್ಪೆ ಅದರ ಮೇಲೆ ಕೂತು ಹೊಟ್ಟೆ ಸುಟ್ಟುಕೊಳ್ಳುತ್ತದೆ, ಏಳುವ ಬುದ್ಧಿ ಅದಕ್ಕೆ ಬರುವುದಿಲ್ಲ. ವಿದ್ಯುತ್ ತಂತಿ ಪ್ಲಗ್‌ಗಿಂತ ಕೆಳಗೆ ಒಮ್ಮೆ ಇಳಿದು ಆಮೇಲೆ ಏರಬೇಕು, ಇಲ್ಲದಿದ್ದರೆ ಹನಿ ಜಾರಿ ಸಾಕೆಟ್ಟಿಗೇ ಹೋಗುತ್ತದೆ. 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಬಂದ್ ಆಗುವ ಸ್ವಿಚ್) ಇಲ್ಲದ ಮನೆಯಲ್ಲಿ ಈ ಕೆಲಸ ಬೇಡ.

ಸಂಜೆ 7ಕ್ಕೆ ಶುರು ಮಾಡಿ ರಾತ್ರಿ 12ರವರೆಗೆ ಮಳೆ. ಹಗಲು ಬಂದ್. ಮೂರರಿಂದ ಐದು ರಾತ್ರಿ. ಐದು ರಾತ್ರಿಯಾದರೂ ಗಂಡು ಹೆಣ್ಣಿನ ಬೆನ್ನೇರದಿದ್ದರೆ ವಾಪಸ್ ಹಳೆಯ ತೊಟ್ಟಿಗೆ, ಎರಡು ವಾರ ಚೆನ್ನಾಗಿ ತಿನ್ನಿಸಿ ಮತ್ತೆ ಪ್ರಯತ್ನ. ವಾರಗಟ್ಟಲೆ ಮಳೆಯಲ್ಲೇ ನೆನೆಸಿದರೆ ಚರ್ಮ ಕೆಡುತ್ತದೆ.

ಮೊಟ್ಟೆ ಕಂಡ ಕ್ಷಣ ಪಂಪು ಬಂದ್, ದೊಡ್ಡವನ್ನೆಲ್ಲ ಹೊರಗೆ ತೆಗೆಯಿರಿ. ಇದನ್ನು ಬೆಳಗ್ಗೆ ಮಾಡೋಣ ಅಂದರೆ ಬೆಳಗ್ಗೆ ಸ್ಪಂಜಿನ ಮೇಲೆ ಲೋಳೆ ಮಾತ್ರ ಇರುತ್ತದೆ.

ಹೊಸಕೆರೆ

ಎರಡು ಗಂಡು ಒಂದು ಹೆಣ್ಣು ಒಟ್ಟಿಗೆ ಮಳೆಪೆಟ್ಟಿಗೆಗೆ ಹಾಕಬಹುದಾ?

ಪಂಪು_ಪೈಪು

ಹಾಕಬಹುದು. ಇನ್ನೊಂದು ಗಂಡು ಕೂಗಿದರೆ ಪೈಪೋಟಿಗೆ ಇದೂ ಜೋರಾಗುತ್ತದೆ. ಆದರೆ ಎರಡೂ ಒಟ್ಟಿಗೆ ಹೆಣ್ಣನ್ನು ಹಿಡಿದು ನೀರಿನಲ್ಲಿ ಒತ್ತಿಹಿಡಿದರೆ ಹೆಣ್ಣು ಮುಳುಗಿ ಸಾಯುವ ಅಪಾಯ ಇದೆ. ಅದಕ್ಕೇ 8 ಸೆಂ.ಮೀ., 20 ಅಲ್ಲ. ಜೋಡಿ ಕೂಡಿದ ಮೇಲೆ ಒಂಟಿ ಗಂಡನ್ನು ತೆಗೆದುಬಿಡಿ.

ಟಿಡಿಎಸ್_ಮೀಟರ್

ನೀರಿನ ವಿಷಯಕ್ಕೆ ಬರೋಣ. ಬೆಂಗಳೂರಿನಲ್ಲಿ ನಾಲ್ಕು ನೀರು: ಕಾವೇರಿ, ಬೋರ್‌ವೆಲ್, ಟ್ಯಾಂಕರ್, ಆರ್‌ಓ. ನಾಲ್ಕಕ್ಕೂ ನಾಲ್ಕು ರೋಗ.

ಕಾವೇರಿ ನೀರಿನ ಗಡಸುತನ ಕಪ್ಪೆಗೆ ಒಳ್ಳೆಯದೇ, ಆದರೆ ಕ್ಲೋರಿನ್ ಇರುತ್ತದೆ. ಅಗಲ ಬಾಯಿಯ ಬಕೆಟ್‌ನಲ್ಲಿ ಏರ್‌ಸ್ಟೋನ್ ಹಾಕಿ 24 ಗಂಟೆ ಬಿಟ್ಟರೆ ಹೋಗುತ್ತದೆ. ಅವಸರ ಇದ್ದರೆ ಸೋಡಿಯಂ ಥಯೋಸಲ್ಫೇಟ್. ಹರಳು 10 ಗ್ರಾಂ ತೂಗಿ 100 ಮಿ.ಲೀ. ನೀರಿಗೆ ಕರಗಿಸಿಟ್ಟರೆ ಒಂದು ಮಿ.ಲೀ.ಯಲ್ಲಿ 100 ಮಿ.ಗ್ರಾಂ. ಲೀಟರಿಗೆ 1 ಮಿ.ಗ್ರಾಂ ಕ್ಲೋರಿನ್ ಇರುವ 10 ಲೀಟರ್ ನೀರಿಗೆ ಲೆಕ್ಕದ ಪ್ರಕಾರ 70 ಮಿ.ಗ್ರಾಂ ಬೇಕು, ಹಾಗಾಗಿ 10 ಲೀಟರಿಗೆ 1 ಮಿ.ಲೀ. ಹಾಕಿದರೆ ಸ್ವಲ್ಪ ಕೈಮೀರಿಯೇ ಇರುತ್ತದೆ. ಕಂದು ಬಾಟಲಿಯಲ್ಲಿ ಇಡಿ, ಒಂದೆರಡು ತಿಂಗಳಿಗೆ ಹೊಸದು ಮಾಡಿ.

ಬೋರ್‌ವೆಲ್‌ನಲ್ಲಿ ಕ್ಲೋರಿನ್ ಇಲ್ಲ, ಆದರೆ ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣದ ಅಳತೆ) ಕೆಲವು ಬಡಾವಣೆಗಳಲ್ಲಿ ಸಾವಿರ ಮೀರುತ್ತದೆ. ದೊಡ್ಡ ಕಪ್ಪೆ ತಡೆದುಕೊಂಡರೂ ಗಾಜಿನ ಮೇಲೆ ಬಿಳಿ ಕಲೆ, ಎಲೆಯ ಮೇಲೆ ಬಿಳಿ ಕಲೆ, ಮಂಜು ಯಂತ್ರದ ನಳಿಕೆ ಬಂದ್. ಆರ್‌ಓ ಮಾತ್ರ ಬಳಸುವುದೂ ತಪ್ಪು. ಲವಣವೇ ಇಲ್ಲದ ನೀರಿನಲ್ಲಿ ಗೊದಮೊಟ್ಟೆ ಬೆಳೆಸಿದರೆ ಮೂಳೆಗೆ ಕ್ಯಾಲ್ಸಿಯಂ ಸಿಗುವುದಿಲ್ಲ. ಬೋರ್‌ವೆಲ್ ಒಂದು ಪಾಲು, ಆರ್‌ಓ ಎರಡು ಪಾಲಿನಿಂದ ಶುರು ಮಾಡಿ, ಮೀಟರ್ ನೋಡಿಕೊಂಡು ಟಿಡಿಎಸ್ 200–300ಕ್ಕೆ ತಂದುಕೊಳ್ಳಿ. ಸಿಂಪಡಣೆಗೆ ಮಾತ್ರ ಶುದ್ಧ ಆರ್‌ಓ ಇರಲಿ, ಕಲೆ ಬೀಳುವುದಿಲ್ಲ.

ಟ್ಯಾಂಕರ್ ನೀರು ಇವತ್ತಿನದ್ದು ಇವತ್ತಿಗೆ. ಪ್ರತಿ ಲೋಡಿಗೂ ಮೀಟರ್ ಅದ್ದಿ ನೋಡಿ. ಅಪಾರ್ಟ್‌ಮೆಂಟ್ ಸಂಪ್ ತೊಳೆದ ದಿನ ಬ್ಲೀಚಿಂಗ್ ಪುಡಿ ಎಷ್ಟು ಸುರಿದಿರುತ್ತಾರೋ ದೇವರೇ ಬಲ್ಲ. ಎರಡು ದಿನ ಆ ನೀರು ಮುಟ್ಟಬೇಡಿ, ಯಾವಾಗಲೂ 40 ಲೀಟರ್ ಹಳೆಯ ನೀರು ಡ್ರಮ್ಮಿನಲ್ಲಿ ಇರಲಿ.

ಎಲೆಹಸಿರು

ನೀರಿನ ಜೊತೆ ಕೋಕೋಪೀಟ್ ಸೇರಿಸಿ. ತುಮಕೂರು, ತಿಪಟೂರು ಕಡೆಯಿಂದ ಬರುವ 5 ಕೆ.ಜಿ. ಇಟ್ಟಿಗೆ ಅಗ್ಗ, ಒಳ್ಳೆಯದು. ಆದರೆ ನಾರಿನಲ್ಲಿ ಉಪ್ಪು ಉಳಿದಿರುತ್ತದೆ. ಮೂರು ಸಲ ನೆನೆಸಿ ಹಿಂಡಿ, ಹಿಂಡಿದ ನೀರಿಗೆ ಮೀಟರ್ ಇಡಿ. ಹಾಕಿದ ನೀರಿಗಿಂತ 100ಕ್ಕೂ ಹೆಚ್ಚು ತೋರಿಸುತ್ತಿದ್ದರೆ ಇನ್ನೊಮ್ಮೆ. ಚೂರು ಚೂರು ಚಿಪ್ಸ್ ಬೇಡ, ಹುಳುವಿನ ಜೊತೆ ನುಂಗಿ ಕರುಳು ಕಟ್ಟುತ್ತದೆ. ತಳದಲ್ಲಿ 4 ಸೆಂ.ಮೀ. ಜೇಡಿ ಉಂಡೆ, ಮೇಲೆ ಸೊಳ್ಳೆಪರದೆ ಬಲೆ, ಅದರ ಮೇಲೆ 6 ಸೆಂ.ಮೀ. ಪೀಟ್.

ಗಿಡ ಲಾಲ್‌ಬಾಗ್ ಸುತ್ತಿನ, ಸಿದ್ದಾಪುರದ ನರ್ಸರಿಗಳಲ್ಲಿ ಏನು ಬೇಕೋ ಸಿಗುತ್ತದೆ. ಆದರೆ ನರ್ಸರಿ ಗಿಡ ಅಂದರೆ ಕೀಟನಾಶಕ ಕುಡಿದ ಗಿಡ ಅಂತಲೇ ಲೆಕ್ಕ. ಬೇರಿನ ಮಣ್ಣು ಪೂರ್ತಿ ತೊಳೆದು, ಹೊಸ ಪೀಟ್‌ನಲ್ಲಿ 6 ವಾರ ಹೊರಗಿಟ್ಟು ಆಮೇಲೆ ಒಳಗೆ. ಕೂರಲು ಸೀಬೆ ಕೊಂಬೆಯಷ್ಟು ಒಳ್ಳೆಯದು ಇಲ್ಲ: ತೊಗಟೆ ನಯ, ಗಟ್ಟಿ, ಬೇಗ ಕೊಳೆಯುವುದಿಲ್ಲ. ಕುದಿಸಿ ಹಾಕಿ. ಕಣಗಿಲೆ ಕೊಂಬೆ ನೋಡಲು ಚೆಂದ ಅಂತ ಹಾಕೀರಿ, ಅದು ವಿಷ.

ಹೊಸಕೆರೆ

ಗೊದಮೊಟ್ಟೆಗೆ ಬೇಯಿಸಿದ ಪಾಲಕ್ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಎಷ್ಟು ಹಾಕಬೇಕು?

ಭರಣಿಮಳೆ

ಸೊನ್ನೆ. ಪಾಲಕ್‌ನಲ್ಲಿ ಆಕ್ಸಲೇಟ್ ಹೆಚ್ಚು. ಅದು ಕ್ಯಾಲ್ಸಿಯಂ ಹಿಡಿದುಕೊಂಡು ಮೂತ್ರಪಿಂಡದಲ್ಲಿ ಹರಳು ಕಟ್ಟುತ್ತದೆ, ಗೊದಮೊಟ್ಟೆ ಊದಿಕೊಂಡು ಸಾಯುತ್ತದೆ. ಜನ ನೀರು ಕೆಟ್ಟಿದೆ ಅಂದುಕೊಳ್ಳುತ್ತಾರೆ. ಲೆಟಿಸ್ ಎರಡು ನಿಮಿಷ ಬಿಸಿನೀರಿನಲ್ಲಿ ಅದ್ದಿ ಹಾಕಿ. ಮುಖ್ಯ ಊಟ: ಮೀನಿನ ಫ್ಲೇಕ್ಸ್ ಎರಡು ಪಾಲು, ಸ್ಪಿರುಲಿನಾ ಪುಡಿ ಒಂದು ಪಾಲು, ಒಟ್ಟಿಗೆ ಅರೆದಿಟ್ಟ ಪುಡಿ. ಎರಡು ಗಂಟೆಯಲ್ಲಿ ಮುಗಿಯುವಷ್ಟು, ದಿನಕ್ಕೆ ಎರಡು ಸಲ. ಉಳಿದದ್ದನ್ನು ಸಿರಿಂಜಿನಿಂದ ಎಳೆದುಬಿಡಿ.

ಮೊಟ್ಟೆಯ ಕಥೆಯನ್ನು ಪೂರ್ತಿ ಬರೆದುಬಿಡುತ್ತೇನೆ. ಹೆಣ್ಣು ಒಂದು ಸಲಕ್ಕೆ ಇನ್ನೂರು ಮುನ್ನೂರರಿಂದ ಹಿಡಿದು ಸಾವಿರ ದಾಟಿಯೂ ಇಡಬಹುದು. ಮೊದಲು ನೀರಿನ ಮೇಲೆ ಹಾಳೆಯಂತೆ ತೇಲಿ, ಆಮೇಲೆ ಮುಳುಗುತ್ತವೆ. 27–28 ಡಿಗ್ರಿಯಲ್ಲಿ ಒಂದೂವರೆಯಿಂದ ಎರಡು ದಿನದಲ್ಲಿ ಒಡೆಯುತ್ತವೆ. ಬಿಳಿಯಾಗಿ ಹತ್ತಿಯಂತೆ ಬೂಸ್ಟು ಕಟ್ಟಿದವು ಸತ್ತವು, ಪಿಪೆಟ್‌ನಲ್ಲಿ ತೆಗೆಯಿರಿ, ಇಲ್ಲದಿದ್ದರೆ ಪಕ್ಕದವಕ್ಕೂ ಹಬ್ಬುತ್ತದೆ. ಹುಟ್ಟಿದ ಮರಿ ಗಾಜಿಗೆ ಅಂಟಿಕೊಂಡು ಸುಮ್ಮನಿರುತ್ತದೆ. ಮೈಯೊಳಗೆ ಉಳಿದಿರುವ ಮೊಟ್ಟೆಯ ಭಂಡಾರ ಮುಗಿಯುವವರೆಗೆ ಊಟ ಹಾಕಬೇಡಿ. ಈಜಲು ಶುರು ಮಾಡಿದ ದಿನದಿಂದ ಹಾಕಿ.

ಆಮೇಲೆ ನಾಲ್ಕರಿಂದ ಆರು ವಾರ. ನಿಧಾನವಾಗಿ ಗುಳ್ಳೆ ಬಿಡುವ ಸ್ಪಂಜ್ ಫಿಲ್ಟರ್, ಮೀನಿನ ತೊಟ್ಟಿಯಲ್ಲಿ ಒಂದು ತಿಂಗಳು ಓಡಿಸಿ ಪಳಗಿಸಿದ್ದು. ಹೊಸ ಸ್ಪಂಜಿನಲ್ಲಿ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಇರುವುದಿಲ್ಲ. ದಿನಕ್ಕೆ 30% ನೀರು ಬದಲು, ಹಾಕುವ ನೀರಿನ ಉಷ್ಣತೆ ಒಂದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಆಗಬಾರದು.

ಲೆಕ್ಕದಮೇಷ್ಟ್ರು

ಯಾರೂ ಹೇಳದ ಲೆಕ್ಕ ಒಂದು. ಸಾವಿರ ಮೊಟ್ಟೆ ಬಂತು ಅಂತ ಕುಣಿಯುವ ಮುಂಚೆ ಇದನ್ನು ಓದಿ.

ಗೊದಮೊಟ್ಟೆ ದೊಡ್ಡದಾದಾಗ ಒಂದಕ್ಕೆ ಒಂದು ಲೀಟರ್ ನೀರು. 60 ಇದ್ದರೆ 60 ಲೀಟರ್. ದಿನಕ್ಕೆ 30% ಅಂದರೆ 18 ಲೀಟರ್ ಹದ ಮಾಡಿದ ನೀರು, ದಿನವೂ, ಆರು ವಾರ. ಅವು ಕಪ್ಪೆಮರಿಗಳಾದ ಮೇಲೆ ಮರಿಗೆ ದಿನಕ್ಕೆ 8 ಚಿಕ್ಕ ಜೀರುಂಡೆ (ಕ್ರಿಕೆಟ್ ಹುಳು) ಇಟ್ಟುಕೊಳ್ಳಿ. 60 ಮರಿಗೆ 480. ತಿಂಗಳಿಗೆ 14,400. ಇದು 60 ಮರಿಯ ಲೆಕ್ಕ, ಸಾವಿರದ್ದಲ್ಲ.

ಆದ್ದರಿಂದ ಮೊದಲ ದಿನವೇ 60–80 ಮೊಟ್ಟೆ ಎಣಿಸಿ ಇಟ್ಟುಕೊಂಡು ಉಳಿದದ್ದನ್ನು ಫ್ರೀಜರ್‌ಗೆ ಹಾಕಿ. ಕಠೋರ ಅನ್ನಿಸಬಹುದು. ಸಾವಿರ ಮರಿ ಅಮೋನಿಯಾದಲ್ಲಿ ಒಂದು ವಾರ ನರಳುವುದಕ್ಕಿಂತ ಇದು ಮೃದು. ಯಾವ ಕಾರಣಕ್ಕೂ ಹೆಬ್ಬಾಳ, ಮಡಿವಾಳ, ಸ್ಯಾಂಕಿ ಅಂತ ಕೆರೆಗೆ ಬಿಡಬೇಡಿ. ಬಳಸಿದ ನೀರನ್ನೂ ಮಳೆಚರಂಡಿಗೆ ಸುರಿಯಬೇಡಿ. ಕೈಟ್ರಿಡ್ ಶಿಲೀಂಧ್ರ ಬೇರೆ ದೇಶಗಳಲ್ಲಿ ಎಷ್ಟೋ ಕಪ್ಪೆ ಜಾತಿಗಳನ್ನೇ ಅಳಿಸಿದೆ. ಅದು ಹರಡುವುದು ನೀರಿನಲ್ಲಿ. ಆ ನೀರಿಗೆ ಬ್ಲೀಚ್ ಹಾಕಿ ಒಂದು ಗಂಟೆ ಬಿಟ್ಟು ಟಾಯ್ಲೆಟ್ಟಿಗೆ.

ಗಾಜಿನತೊಟ್ಟಿ_ಜಯನಗರ

14,400 ಜೀರುಂಡೆ ಎಲ್ಲಿಂದ ತರಲಿ ಸ್ವಾಮಿ?

ಲೆಕ್ಕದಮೇಷ್ಟ್ರು

ತರುವುದಲ್ಲ, ಬೆಳೆಯುವುದು. 50 ಲೀಟರ್ ಪ್ಲಾಸ್ಟಿಕ್ ಪೆಟ್ಟಿಗೆ, ಮುಚ್ಚಳದಲ್ಲಿ ಸ್ಟೀಲ್ ಜಾಲರಿ. ನೈಲಾನ್ ಆದರೆ ಕಡಿದು ಹೊರಬರುತ್ತವೆ. ಒಳಗೆ ಮೊಟ್ಟೆ ಟ್ರೇ ನಿಲ್ಲಿಸಿ. ಮೊಟ್ಟೆ ಇಡಲು ಒದ್ದೆ ಪೀಟ್ ತುಂಬಿದ ಡಬ್ಬಿ, 5 ಸೆಂ.ಮೀ. ಆಳ. ಮೂರು ದಿನಕ್ಕೊಮ್ಮೆ ಡಬ್ಬಿ ತೆಗೆದು ದಿನಾಂಕ ಬರೆದು ಬೇರೆ ಪೆಟ್ಟಿಗೆಗೆ ಹಾಕಿ. 30 ಡಿಗ್ರಿಯಲ್ಲಿ 8–10 ದಿನಕ್ಕೆ ಧೂಳಿನಂತೆ ಮರಿ ಉದುರುತ್ತವೆ. ಗೊದಮೊಟ್ಟೆಗೆ ಹಿಂಗಾಲು ಮೂಡಿದ ವಾರ ಮೊದಲ ಡಬ್ಬಿ ಶುರು ಮಾಡಿದರೆ ಸಮಯ ಸರಿಹೊಂದುತ್ತದೆ.

ಊಟಕ್ಕೆ ಕೋಳಿಮರಿ ಆಹಾರ, ಕ್ಯಾರೆಟ್ ತುರಿ. ನೀರು ಬಟ್ಟಲಲ್ಲಿ ಇಟ್ಟರೆ ಚಿಕ್ಕವು ಮುಳುಗುತ್ತವೆ, ಒದ್ದೆ ಸ್ಪಂಜು ಇಡಿ. ನಾತ ಬಂತು ಅಂದರೆ ಒದ್ದೆ ಹೆಚ್ಚಾಯ್ತು ಅಂತ ಅರ್ಥ. ಗಂಡು ಜೀರುಂಡೆ ಕೂಗಿ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿನಲ್ಲಿ ನಿಮ್ಮ ಹೆಸರು ಬರುತ್ತದೆ, ಅದಕ್ಕೆ ಮದ್ದಿಲ್ಲ. ದೊಡ್ಡ ಕಪ್ಪೆಗೆ ಡೂಬಿಯಾ ಉತ್ತಮ, ಸದ್ದಿಲ್ಲ, ನಯವಾದ ಗೋಡೆ ಹತ್ತುವುದಿಲ್ಲ. ಆದರೆ ಅದರ ಅತಿ ಚಿಕ್ಕ ಮರಿಯೂ ಕಪ್ಪೆಮರಿಗೆ ದೊಡ್ಡ ತುತ್ತು. ಅಡುಗೆಮನೆ ಜಿರಳೆ ಹಿಡಿದು ಹಾಕುವವರಿಗೆ ಒಂದೇ ಮಾತು: ಅದು ಯಾರ ಮನೆಯ ಜಿರಳೆ ವಿಷದ ಜೆಲ್ ತಿಂದು ಬಂದಿದೆಯೋ ಗೊತ್ತಿಲ್ಲ.

ಎಲೆಹಸಿರು

ಕಪ್ಪೆಮರಿ ಹಂತದಲ್ಲೇ ಹೆಚ್ಚು ಸಾವು. ಮುಂಗಾಲು ಹೊರಬಂದ ತಕ್ಷಣ ನೀರು 3 ಸೆಂ.ಮೀ.ಗೆ ಇಳಿಸಿ, ತೊಟ್ಟಿಯನ್ನು ಒಂದು ಕಡೆ ಎತ್ತಿ ಓರೆ ಮಾಡಿ ಅರ್ಧ ಭಾಗ ಒಣನೆಲ ಮಾಡಿ. ಆ ಹೊತ್ತಿಗೆ ಅದರ ಕಿವಿರು ಹೋಗಿ ಶ್ವಾಸಕೋಶ ಬಂದಿರುತ್ತದೆ, ಹತ್ತಲು ಜಾಗ ಸಿಗದಿದ್ದರೆ ಮುಳುಗುತ್ತದೆ. ಮುಚ್ಚಳ ಮರೆಯಬೇಡಿ, ಬಾಲ ಇರುವಾಗಲೇ ಗಾಜು ಹತ್ತುತ್ತವೆ. ಬಾಲ ಕರಗುವ ನಾಲ್ಕೈದು ದಿನ ಏನೂ ತಿನ್ನುವುದಿಲ್ಲ. ಆಗ ಹುಳು ಹಾಕಿದರೆ ಜೀರುಂಡೆಯೇ ಮರಿಯನ್ನು ಕಡಿಯುತ್ತದೆ.

ಬಾಲ ಹೋದ ಮೇಲೆ ಒದ್ದೆ ಟಿಶ್ಯೂ ಹಾಸಿದ ಪೆಟ್ಟಿಗೆ, ಮಣ್ಣು ಬೇಡ. ಹತ್ತು ಮರಿಗೆ ಒಂದು ಪೆಟ್ಟಿಗೆ, ಗಾತ್ರ ನೋಡಿ ಬೇರ್ಪಡಿಸಿ. ದೊಡ್ಡದು ಚಿಕ್ಕದರ ಕಾಲು ನುಂಗಲು ಹಿಂಜರಿಯುವುದಿಲ್ಲ. ಪ್ರತಿ ಊಟಕ್ಕೂ ವಿಟಮಿನ್ ಡಿ3 ಇರುವ ಕ್ಯಾಲ್ಸಿಯಂ ಪುಡಿ.

ಹೊಸಕೆರೆ

ಮುಂಗಾಲು ದಾರದಂತೆ ಸಣ್ಣಗೆ, ಎದ್ದು ನಿಲ್ಲಲಾಗದೆ ಸಾಯುವುದು ಯಾಕೆ?

ಟಿಡಿಎಸ್_ಮೀಟರ್

ಕಡ್ಡಿಕಾಲು ರೋಗ. ಒಂದೇ ಕಾರಣ ಅಂತಿಲ್ಲ. ತಾಯಿಯ ಪೋಷಣೆ, ಅದರಲ್ಲೂ ವಿಟಮಿನ್, ನೀರಿನಲ್ಲಿ ಕ್ಯಾಲ್ಸಿಯಂ ಕೊರತೆ, ಕಿಕ್ಕಿರಿದ ತೊಟ್ಟಿ, ಇವೆಲ್ಲ ಸೇರಿಕೊಳ್ಳುತ್ತವೆ. ಮರಿಗೆ ಬಂದ ಮೇಲೆ ವಾಸಿಯಾಗುವುದಿಲ್ಲ. ಆದ್ದರಿಂದ ಕೆಲಸ ಆಗಬೇಕಾದ್ದು ಮಾರ್ಚ್‌ನಲ್ಲಿ, ತಾಯಿಯ ಊಟದಲ್ಲಿ. ಮಲ್ಟಿವಿಟಮಿನ್ ಡಬ್ಬಿಯ ಹಿಂದೆ ರೆಟಿನಾಲ್ (ಸಿದ್ಧ ವಿಟಮಿನ್ ಎ) ಅಂತ ಇದೆಯೇ ನೋಡಿ. ಬರೀ ಬೀಟಾ ಕ್ಯಾರೊಟಿನ್ ಇದ್ದರೆ ಅದನ್ನು ವಿಟಮಿನ್ ಎ ಮಾಡಿಕೊಳ್ಳುವ ಶಕ್ತಿಯನ್ನು ಕಪ್ಪೆಯಲ್ಲಿ ನಂಬುವಂತಿಲ್ಲ. ದೊಡ್ಡ ಕಪ್ಪೆ ನಾಲಿಗೆ ಚಾಚಿದರೂ ಹುಳು ಅಂಟದೆ ಪದೇ ಪದೇ ಗುರಿ ತಪ್ಪುತ್ತಿದ್ದರೆ ವಿಟಮಿನ್ ಎ ಕೊರತೆಯನ್ನೇ ಮೊದಲು ಶಂಕಿಸಿ. ಎರಡು ವಾರಕ್ಕೊಮ್ಮೆ ಮಲ್ಟಿವಿಟಮಿನ್, ಉಳಿದ ಊಟಕ್ಕೆ ಕ್ಯಾಲ್ಸಿಯಂ. ಯುವಿಬಿ (ಬಿಸಿಲಿನಲ್ಲಿರುವಂಥ ಅತಿನೇರಳೆ ಕಿರಣ) ಕೊಡುವ 5% ಟ್ಯೂಬು 30 ಸೆಂ.ಮೀ. ಮೇಲಿಂದ ಇದ್ದರೆ ಒಳ್ಳೆಯದು, ವರ್ಷಕ್ಕೊಮ್ಮೆ ಬದಲಿಸಿ. ಟ್ಯೂಬು ಉರಿಯುತ್ತಿದ್ದರೂ ಯುವಿಬಿ ಇಳಿದಿರುತ್ತದೆ.

ಪಂಪು_ಪೈಪು

ಯುವಿಬಿ ಇಲ್ಲದೆಯೂ ಡಿ3 ಪುಡಿಯಲ್ಲೇ ತಲೆಮಾರು ಬೆಳೆಸಿದವರು ಇದ್ದಾರೆ. ಗಾಜಿನ ಮುಚ್ಚಳದ ಮೇಲೆ ಟ್ಯೂಬು ಇಟ್ಟು ಸಮಾಧಾನ ಪಡುವವರಿಗಿಂತ ಅವರೇ ವಾಸಿ. ಗಾಜು ಯುವಿಬಿಯನ್ನು ಬಿಡುವುದೇ ಇಲ್ಲ.

ಟಿಡಿಎಸ್_ಮೀಟರ್

ಒಪ್ಪಿದೆ. ಜಾಲರಿಯೂ ಮೂರನೇ ಒಂದು ಪಾಲು ತಿನ್ನುತ್ತದೆ.

ಎಲೆಹಸಿರು

ಅಪಾರ್ಟ್‌ಮೆಂಟಿನವರಿಗೆ ಇನ್ನೊಂದು. ಸೊಳ್ಳೆ ಓಡಿಸುವ ಲಿಕ್ವಿಡ್ ಯಂತ್ರ, ಬತ್ತಿ, ಜಿರಳೆ ಸ್ಪ್ರೇ ಆ ಕೋಣೆಯಲ್ಲಿ ಬೇಡವೇ ಬೇಡ. ಅವುಗಳಲ್ಲಿರುವ ಪೈರೆಥ್ರಾಯ್ಡ್ ಕಪ್ಪೆಯ ಚರ್ಮಕ್ಕೆ ವಿಷ. ಲಕ್ಷಣ: ಕಾಲು ಹಿಂದಕ್ಕೆ ಸೆಟೆದು ನಡುಗುವುದು. ತಕ್ಷಣ ಕ್ಲೋರಿನ್ ಇಲ್ಲದ ನೀರಿನಲ್ಲಿ ತೊಳೆದು, ಶುದ್ಧ ಗಾಳಿಗೆ ತಂದು, ವೈದ್ಯರಿಗೆ ತೋರಿಸಿ. ಬೀದಿಯಲ್ಲಿ ಸೊಳ್ಳೆಗೆ ಹೊಗೆ ಹಾಕುವ ಗಾಡಿ ಬಂದರೆ ಕಿಟಕಿ ಹಾಕಿ ತೊಟ್ಟಿಗೆ ಒದ್ದೆ ಬಟ್ಟೆ ಹೊದಿಸಿ. ದೀಪಾವಳಿಯ ಮೂರು ರಾತ್ರಿಗೂ ಇದೇ. ನೆಲ ಒರೆಸುವ ಫಿನಾಯಿಲ್ ಆ ಕೋಣೆಗೆ ಬೇಡ, ಬರೀ ನೀರು ಸಾಕು. ದೇವರಮನೆಯಲ್ಲಿ ತೊಟ್ಟಿ ಇಟ್ಟವರು ಜಾಗ ಬದಲಿಸಿ. ಕರ್ಪೂರ, ಅಗರಬತ್ತಿ ಹೊಗೆ ದಿನವೂ ಬೇಕಾಗಿಲ್ಲ.

ಏಪ್ರಿಲ್‌ನಲ್ಲಿ ಮೇಲ್ಮಹಡಿಯ ಕೋಣೆ 34 ದಾಟುತ್ತದೆ. ಈ ಜಾತಿ 32ರ ಮೇಲೆ ಹೆಚ್ಚು ಹೊತ್ತು ಇರಬಾರದು. ಹಗಲು ದೀಪ ಬಂದ್, ಜಾಲರಿಯ ಮೇಲೆ ಚಿಕ್ಕ ಫ್ಯಾನ್, ಕರೆಂಟ್ ಹೋದರೆ ಹೆಪ್ಪುಗಟ್ಟಿದ ನೀರಿನ ಬಾಟಲಿ ಬಟ್ಟೆ ಸುತ್ತಿ ಮುಚ್ಚಳದ ಮೇಲೆ.

ಹೊಸಕೆರೆ

ಕೆಂಗಣ್ಣಿನ ಮರಗಪ್ಪೆಗೂ ಇದೇ ವಿಧಾನವೇ? ಅದನ್ನು ಕೊಳ್ಳುವ ಯೋಚನೆ ಇದೆ.

ಭರಣಿಮಳೆ

ಮಳೆಪೆಟ್ಟಿಗೆ ಹೆಚ್ಚುಕಡಿಮೆ ಅದೇ, ಉಳಿದದ್ದು ಬೇರೆ. ಅದು ಮಧ್ಯ ಅಮೆರಿಕದ ಕಾಡಿನದು, 45ರ ತೇವಾಂಶದ ಒಣಕಾಲ ಅದಕ್ಕೆ ಆಗದು, 60ಕ್ಕಿಂತ ಇಳಿಸಬೇಡಿ. ಮೊಟ್ಟೆ ಇಡುವುದು ನೀರಿನಲ್ಲಲ್ಲ, ನೀರಿನ ಮೇಲೆ ಬಾಗಿದ ಎಲೆಯಲ್ಲಿ. ಆದ್ದರಿಂದ ಅಗಲ ಎಲೆಯ ಫಿಲೋಡೆಂಡ್ರಾನ್ ನೀರಿನ ಮೇಲೆ ನೇತಾಡಬೇಕು. ಆರೇಳು ದಿನಕ್ಕೆ ಒಡೆದು ಕೆಳಗೆ ಉದುರುತ್ತವೆ. ಹಾವು ಕಚ್ಚಿ ಎಲೆ ಅಲುಗಿದರೆ ಭ್ರೂಣಗಳು ಅವಧಿಗೆ ಮುಂಚೆಯೇ ಒಡೆದು ನೀರಿಗೆ ಹಾರುತ್ತವೆ. ನೀವು ಎಲೆ ಕಿತ್ತು ಸಾಗಿಸುವಾಗ ಅಲುಗಾಡಿಸಿದರೂ ಅದೇ ಆಗಬಹುದು, ನಿಧಾನ.

ಕೊಳ್ಳುವ ಮುಂಚೆ ಕಾಗದ. ಆ ಕುಲ 2010ರಿಂದ ಸೈಟಿಸ್ (ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಎರಡನೇ ಅನುಬಂಧದಲ್ಲಿದೆ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಾಗಿದೆ, 2024ರ ಫೆಬ್ರವರಿಯ ನಿಯಮಗಳ ಪ್ರಕಾರ ಅಂಥ ಪ್ರಾಣಿ ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಮರಿ ಹುಟ್ಟಿದರೂ, ಸತ್ತರೂ, ಕೈಬದಲಾದರೂ ತಿಳಿಸಬೇಕು. ವೈಟ್ಸ್ ಕಪ್ಪೆ ಸೈಟಿಸ್ ಪಟ್ಟಿಯಲ್ಲಿಲ್ಲ. ಆದರೂ ಬಿಲ್ ಇಲ್ಲದೆ ಕೊಳ್ಳಬೇಡಿ.

ಕೆಂಗೇರಿ_ಬಾಲ್ಕನಿ

ನಮ್ಮ ಬಚ್ಚಲಿಗೆ ಮಳೆಗಾಲದಲ್ಲಿ ಕಂದು ಮರಗಪ್ಪೆ ಬರುತ್ತದೆ. ಅದನ್ನೇ ಹಿಡಿದು ಸಾಕಿದರೆ?

ಎಲೆಹಸಿರು

ಹಿಡಿಯಬೇಡಿ. ಅದು ನಮ್ಮ ಊರಿನದೇ ಸಾಮಾನ್ಯ ಮರಗಪ್ಪೆ, ಪಾಲಿಪೆಡೇಟಿಸ್ ಮ್ಯಾಕ್ಯುಲೇಟಸ್. ತಾನಾಗಿ ಬರುತ್ತದೆ, ತಾನಾಗಿ ಹೋಗುತ್ತದೆ. ಅದರ ಸಂತಾನ ನೋಡುವ ಆಸೆ ಇದ್ದರೆ ಬಾಲ್ಕನಿಯಲ್ಲಿ ಅಥವಾ ಅಂಗಳದಲ್ಲಿ 40 ಲೀಟರ್ ಟಬ್ ಇಡಿ, 15 ಸೆಂ.ಮೀ. ನೀರು, ಒಂದು ಹಿಡಿ ಒಣ ಎಲೆ, ನೀರಿನ ಮೇಲೆ ಬಾಗಿದ ಗಿಡ, ಹೊರಬರಲು ಓರೆ ಕೊಂಬೆ. ಮೀನು ಬಿಡಬೇಡಿ, ಗೊದಮೊಟ್ಟೆ ತಿನ್ನುತ್ತದೆ. ಮಳೆ ಹಿಡಿದ ಮೇಲೆ ಟಬ್ಬಿನ ಅಂಚಿಗೋ ಎಲೆಗೋ ಸೋಪಿನ ನೊರೆಯಂಥ ಮುದ್ದೆ ಅಂಟಿದ್ದರೆ ಅದೇ ಗೂಡು. ಒರೆಸಿ ತೊಳೆದುಬಿಡಬೇಡಿ, ಕೆಲವೇ ದಿನಕ್ಕೆ ನೊರೆ ಕರಗಿ ಮರಿಗಳು ನೀರಿಗೆ ಬೀಳುತ್ತವೆ. ಸೊಳ್ಳೆ ಹುಳುವಿನ ಭಯಕ್ಕೆ ಟೆಮಿಫಾಸ್ ಅನ್ನುವ ಕೀಟನಾಶಕ ಹಾಕಬೇಡಿ. ಬಿಟಿಐ (ಸೊಳ್ಳೆ ಹುಳು ಕೊಲ್ಲುವ ಬ್ಯಾಕ್ಟೀರಿಯಾ) ಹರಳು ಹಾಕಬಹುದು, ಪೊಟ್ಟಣದ ಮೇಲಿನ ಪ್ರಮಾಣ ಮೀರದಂತೆ.

ವಿದೇಶಿ ಕಪ್ಪೆಯ ತೊಟ್ಟಿ ತೊಳೆದ ಕೈ, ಬಕೆಟ್, ಬಲೆ ಯಾವುದೂ ಆ ಟಬ್ಬಿನ ಹತ್ತಿರ ಸುಳಿಯಬಾರದು. ಎರಡಕ್ಕೂ ಬೇರೆ ಬಣ್ಣದ ಬಕೆಟ್ ಇಟ್ಟುಕೊಳ್ಳಿ.

ಗಾಜಿನತೊಟ್ಟಿ_ಜಯನಗರ

ಡಿಸೆಂಬರ್‌ಗೆ ಇನ್ನೂ ಸಮಯ ಇದೆ. ಈಗಿನಿಂದ ಏನು ಶುರು ಮಾಡಲಿ?

ಭರಣಿಮಳೆ

ಊಟ ವಾರಕ್ಕೆರಡಕ್ಕೆ ಇಳಿಸಿ. ಮಲ ಪರೀಕ್ಷೆ ಮಾಡಿಸಿ, ಸರೀಸೃಪ–ಉಭಯಚರ ನೋಡುವ ಪಶುವೈದ್ಯರ ಹತ್ತಿರ, ಮಲ ಬಂದು ಒಂದೆರಡು ಗಂಟೆಯೊಳಗೆ ಒಯ್ದರೆ ಮಾತ್ರ ಪ್ರಯೋಜನ. ಅಡುಗೆಮನೆ ತಕ್ಕಡಿಯಲ್ಲಿ ತಿಂಗಳಿಗೊಮ್ಮೆ ಮೂರನ್ನೂ ಡಬ್ಬಿಯಲ್ಲಿ ಕೂರಿಸಿ ತೂಗಿ ಬರೆದಿಡಿ.

ಪಂಪು_ಪೈಪು

ಪೈಪು ಈಗಲೇ ಕೊರೆದಿಟ್ಟು ಒಂದು ರಾತ್ರಿ ಕಪ್ಪೆ ಹಾಕದೆ, ಬರೀ ನೀರು ತುಂಬಿದ ತೊಟ್ಟಿಯಲ್ಲಿ ಓಡಿಸಿ ನೋಡಿ. ಸೋರುವ ಮೂಲೆ ಮೇ ತಿಂಗಳ ಹನ್ನೊಂದು ಗಂಟೆ ರಾತ್ರಿ ಗೊತ್ತಾಗುವುದು ಬೇಡ. ಹೊಸ ಸಿಲಿಕಾನ್ ಹಾಕಿದರೆ ಬೂಸ್ಟು ನಿರೋಧಕ ಬೆರೆಸದ್ದು ತನ್ನಿ, ವಿನೆಗರ್ ವಾಸನೆ ಪೂರ್ತಿ ಹೋಗಲು ಏಳು ದಿನ ಬಿಡಿ.

ಲೆಕ್ಕದಮೇಷ್ಟ್ರು

ಜೀರುಂಡೆ ಪೆಟ್ಟಿಗೆಯನ್ನು ಮಾತ್ರ ಮಲಗುವ ಕೋಣೆಯಲ್ಲಿ ಇಡಬೇಡಿ.